ಬಲಗಣ್ಣಿನ ಬೆರಗು

ಡಿಸೆಂಬರ್ ಮೊದಲ ವಾರ ನನ್ನ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನದು ಜನವರಿಗೆ ಅಂದರು. ನಡುವಿನ ಐದಾರು ವಾರ ನಾನು ಎರಡು ಲೋಕಗಳಲ್ಲಿ ಒಟ್ಟಿಗೆ ಬಾಳಿದೆ. ಎಡಗಣ್ಣು ಮುಚ್ಚಿ ನೋಡಿದರೆ ಮಲ್ಲಿಗೆ ಮಲ್ಲಿಗೆಯ ಹಾಗೇ ಬೆಳ್ಳಗೆ. ಬಲಗಣ್ಣು ಮುಚ್ಚಿದರೆ ಅದೇ ಮಲ್ಲಿಗೆ ಟೀ ಸೋಸುವ ಬಟ್ಟೆಯ ಬಣ್ಣ. ಅಂದರೆ ಇಷ್ಟು ವರ್ಷ ದೇವರ ಸೃಷ್ಟಿಯನ್ನೆಲ್ಲ ನಾನು ಟೀ ಸೋಸುವ ಬಟ್ಟೆಯೊಳಗಿಂದಲೇ ನೋಡಿ, ‘ಪರವಾಗಿಲ್ಲ’ ಅಂತ ಅಂಕ ಹಾಕಿಕೊಂಡು ಬಂದಿದ್ದೆ.

ಪೊರೆಯ ಕುಚೋದ್ಯ ಇದೇ. ಕಣ್ಣಿನ ಲೆನ್ಸು ವಯಸ್ಸಾದಂತೆ ಹಳದಿಯಾಗುತ್ತ ಹೋಗುತ್ತದೆ, ನೀಲಿ ಬೆಳಕನ್ನು ಬಾಗಿಲಲ್ಲೇ ತಡೆಯುತ್ತದೆ. ಆದರೆ ಎಷ್ಟು ನಿಧಾನವಾಗಿ ಅಂದರೆ, ಪೊರೆ ಬಂದವನಿಗೆ ಬಂದದ್ದು ತಿಳಿಯುವುದಿಲ್ಲ. ಲೋಕವೇ ಮಾಸಿದೆ ಅಂತ ಲೋಕವನ್ನು ಬೈಯುತ್ತಾನೆ.

ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವನೇ ಹಾಲ್‌ನ ಗೋಡೆ ನೋಡಿ, “ಇದ್ಯಾವಾಗ ಬಿಳಿ ಹೊಡೆಸಿದ್ರಿ? ನನ್ನನ್ನೊಂದು ಮಾತು ಕೇಳಬಾರದಿತ್ತಾ?” ಅಂದೆ. ನನ್ನಾಕೆ ಸೌಟು ಹಿಡಿದೇ ಹೊರಗೆ ಬಂದಳು.

“ಮೂರು ವರ್ಷ ಆಯ್ತು ರೀ. ಬಿಳಿ ಹೇಳಿದ್ರೆ ಕ್ರೀಮ್ ಹೊಡ್ದಿದಾನೆ ಅಂತ ಪೇಂಟರ್ ಹತ್ರ ಜಗಳ ಆಡಿ ಐನೂರು ರೂಪಾಯಿ ಹಿಡ್ಕೊಂಡ್ರಲ್ಲ, ಇದೇ ಆ ಕ್ರೀಮು.”

ನೆನಪಾಯಿತು. ಆ ಪುಣ್ಯಾತ್ಮ “ಬಿಳಿನೇ ಸಾರ್” ಅಂತ ಡಬ್ಬದ ಮುಚ್ಚಳವನ್ನೇ ತಂದು ತೋರಿಸಿದ್ದ. ಮುಚ್ಚಳವೂ ನನಗೆ ಕ್ರೀಮ್ ಆಗಿಯೇ ಕಂಡಿತ್ತು. ಮೋಸ ಡಬ್ಬದಿಂದಲೇ ಶುರುವಾಗಿದೆ ಎಂದು ತೀರ್ಪು ಕೊಟ್ಟಿದ್ದೆ. ಮುಂದಿನ ಪಾಪನಿವೇದನೆಗೆ ಒಂದು ಬಾಬತ್ತು ಸಿಕ್ಕಿತು ಅಂತ ಸಮಾಧಾನ ಮಾಡಿಕೊಂಡು ಅವಳತ್ತ ತಿರುಗಿ, “ಈ ನೀಲಿ ಸೀರೆ ಹೊಸದಾ?” ಅಂದೆ. ಅದು ಎಂಟು ವರ್ಷ ಹಳೆಯದು. ಪ್ರತಿ ಸಲ ಉಟ್ಟಾಗಲೂ “ಯಾಕೆ, ಯಾವಾಗ ನೋಡಿದ್ರೂ ಕಪ್ಪು ಉಡ್ತೀಯ?” ಎಂದು ನಾನೇ ಮೂದಲಿಸಿದ್ದು. ಅವಳು ಏನೂ ಹೇಳದೆ ಒಳಗೆ ಹೋದಳು. ಸೌಟಿನ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಮಗಳು ಫೋನಿನಲ್ಲಿ ಏನೋ ತೆಗೆದು ಸಮಾಧಾನ ಹೇಳಿದಳು. ಫ್ರಾನ್ಸಿನ ಚಿತ್ರಕಾರ ಮೊನೆಗೂ 1923ರಲ್ಲಿ ಬಲಗಣ್ಣಿನ ಪೊರೆ ತೆಗೆದಿದ್ದರಂತೆ, ಅವನಿಗೂ ಆಮೇಲೆ ಎಲ್ಲ ವಿಪರೀತ ನೀಲಿಯಾಗಿ ಕಾಣುತ್ತಿತ್ತಂತೆ. ಹೋಲಿಕೆ ನನಗೆ ಹಿಡಿಸಿತು. “ಅವನು ನೈದಿಲೆಯ ಕೊಳ ಬರೆದ ಅಪ್ಪ, ನೀವು ಹೋದ ವರ್ಷ ಮರಿಯಮ್ಮನ ಸೆರಗಿಗೆ ಬಣ್ಣ ಬಳಿದ್ರಿ” ಅಂದಳು. ಅಟ್ಟದಿಂದ ಕ್ರಿಸ್ಮಸ್ ಗೋದಲಿಯ ಪೆಟ್ಟಿಗೆ ಇಳಿಸಿ ನೋಡಿದೆ. ಆಕಾಶನೀಲಿ ಅಂತ ನಾನು ಶ್ರದ್ಧೆಯಿಂದ ಬಳಿದಿದ್ದ ಬಣ್ಣ ಅಪ್ಪಟ ಬದನೆಕಾಯಿಯದು. ಒಂದು ವರ್ಷ ಇಡೀ ಮನೆ, ಬಂದುಹೋದ ನೆಂಟರಿಷ್ಟರು, ಆಶೀರ್ವಾದಕ್ಕೆ ಬಂದ ಗುರುಗಳು, ಯಾರೂ ಬಾಯಿಬಿಟ್ಟಿರಲಿಲ್ಲ.

ನಾನು ಯಾರು ಅಂತ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ನಗೆಪಾಟಲು ಪೂರ್ತಿಯಾಗುವುದಿಲ್ಲ. ನಾನು 22 ವರ್ಷದಿಂದ ನಮ್ಮ ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರ ಧರ್ಮೋಪದೇಶ ಹೇಳಿಕೊಡುವ ಮೇಷ್ಟ್ರು. ಪೂಜೆಯಲ್ಲಿ ವಾಚನ ಓದುವವನೂ ನಾನೇ. ಕಂಠಕ್ಕೆ ಹೆಸರಿದೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ಯೆಶಾಯನ 35ನೇ ಅಧ್ಯಾಯ ಬಂದರೆ ನನ್ನನ್ನೇ ಹುಡುಕುತ್ತಾರೆ. ಮರುಭೂಮಿ ಅರಳುವಲ್ಲಿ ದನಿ ಏರಿಸಿ, ಕುರುಡರ ಕಣ್ಣು ತೆರೆಯುವಲ್ಲಿ ಗಕ್ಕನೆ ನಿಂತು, ಕುಂಟರು ಜಿಂಕೆಯಂತೆ ಜಿಗಿಯುವಲ್ಲಿ ಓಟ ಹೆಚ್ಚಿಸುತ್ತೇನೆ. ಆ ನಿಲುಗಡೆಗೆ ಅಜ್ಜಿಯರು ಕಣ್ಣೊರೆಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನಾನು ಗ್ಯಾಸ್ ಸಿಲಿಂಡರ್ ಬುಕ್ ಮಾಡಿದೆನೋ ಇಲ್ಲವೋ ಅಂತ ನೆನೆಯುತ್ತಿರುತ್ತೇನೆ.

ಪ್ರಬೋಧನೆಯ ಹೊತ್ತಿಗೆ ನಿದ್ದೆ. ಬೈಬಲಿನಲ್ಲಿ ನನ್ನ ಹತ್ತಿರದ ನೆಂಟನೆಂದರೆ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಯುತಿಕ. ಸಂತ ಪೌಲರು ನಡುರಾತ್ರಿಯವರೆಗೆ ಮಾತಾಡುತ್ತಿದ್ದರೆ ಕಿಟಕಿಯಲ್ಲಿ ಕೂತಿದ್ದ ಈ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಎತ್ತುವಾಗ ಜೀವವಿರಲಿಲ್ಲ. ಪೌಲರು ಅವನನ್ನು ಬದುಕಿಸಿ, ಮೇಲೆ ಬಂದು, ಬೆಳಗಿನವರೆಗೆ ಮಾತು ಮುಂದುವರಿಸಿದರು! ಈ ಕಥೆಯಿಂದ ನಾನು ಕಲಿತದ್ದು ಒಂದೇ. ನೆಲಮಟ್ಟದ ಬೆಂಚಿನಲ್ಲಿ, ಕಿಟಕಿಯಿಂದ ದೂರ, ಕಂಬಕ್ಕೆ ಒರಗಿ ಕೂರುತ್ತೇನೆ.

ಬಲಗಣ್ಣು ತೆರೆದ ಮೇಲೆ ನನಗೊಂದು ಆಸೆ ಹುಟ್ಟಿತು. ಹತ್ತು ನಿಮಿಷದ ಆಪರೇಷನ್ನಿಗೆ ಗೋಡೆ ಬಿಳಿಯಾಗುವುದಾದರೆ, ಒಳಗಣ್ಣಿನ ಪೊರೆಗೂ ಏನಾದರೂ ಮಾಡಬಾರದೇಕೆ? ಮೇಷ್ಟ್ರ ಬುದ್ಧಿ, ಟೈಂಟೇಬಲ್ ಹಾಕಿದೆ. ‘ಬೆಳಿಗ್ಗೆ 6:15ರಿಂದ 6:30: ಬೆರಗು’ ಅಂತ ಬರೆದು ಫ್ರಿಜ್ಜಿಗೆ ಅಂಟಿಸಿದೆ. ನನ್ನಾಕೆ ಅದರ ಕೆಳಗೆ ‘6:30: ಹಾಲು’ ಅಂತ ಸೇರಿಸಿದಳು.

ಮೊದಲ ದಿನ ತಾರಸಿ ಹತ್ತಿದೆ. ಪೂರ್ವದಲ್ಲಿ ಕೆಂಪು, ಅದರ ಮೇಲೆ ನಾನು ಹೆಸರಿಡಲಾರದ ಒಂದು ನೀಲಿ. ಕೈ ಜೋಡಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ಟ್ಯಾಂಕು ತುಂಬಿ ಸುರಿಯುವುದು ಹೊಸ ಕಣ್ಣಿಗೆ ಬಹಳ ಸ್ಪಷ್ಟವಾಗಿ ಕಂಡಿತು. ಬೆರಗಿನ ಬಾಕಿ ಹನ್ನೆರಡು ನಿಮಿಷ ಮೋಟರ್ ಆಫ್ ಮಾಡಿಸಲು ಕೂಗುವುದರಲ್ಲಿ ಹೋಯಿತು. ಎರಡನೇ ದಿನ ಮೋಡ. ಮೂರನೇ ದಿನ ಅಲಾರಂ ನಿಲ್ಲಿಸಿ ಮಲಗಿದೆ. ನಾಲ್ಕನೇ ದಿನದ ಬೆರಗನ್ನು ಐದನೇ ದಿನ ಸೇರಿಸಿ ಅರ್ಧ ಗಂಟೆ ಮಾಡೋಣವೆಂದುಕೊಂಡೆ. ಅಷ್ಟರಲ್ಲಿ ಫ್ರಿಜ್ಜಿನ ಮೇಲಿನ ಚೀಟಿ ಕಾಣೆಯಾಗಿ ಅದರ ಹಿಂಬದಿಯಲ್ಲಿ ಕಜ್ಜಾಯಕ್ಕೆ ಬೇಕಾದ ಅಕ್ಕಿ ಬೆಲ್ಲದ ಲೆಕ್ಕ ಬಂದಿತ್ತು.

ಆರನೇ ದಿನ ಸಂತ ಫಿಲೋಮಿನಾ ಮಹಾದೇವಾಲಯಕ್ಕೇ ಹೋದೆ. ಮೈಸೂರಿನಲ್ಲೇ ಇದ್ದುಕೊಂಡು ಅದನ್ನು ನೋಡದೆ ಎಷ್ಟು ವರ್ಷವಾಯಿತೋ. ಹೋಗಿಲ್ಲವೆಂದಲ್ಲ, ನೋಡಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು, ಅವಳಿ ಗೋಪುರ 175 ಅಡಿ, ಇದನ್ನೆಲ್ಲ ನೆಂಟರಿಗೆ ಉರುಹೊಡೆದು ಒಪ್ಪಿಸುತ್ತ ನನ್ನ ಕಣ್ಣು ಸ್ಕೂಟರ್ ನಿಲ್ಲಿಸಿದ ಕಡೆಗೇ ಇರುತ್ತಿತ್ತು. ಎಲ್ಲೆಲ್ಲಿಂದಲೋ ಬಂದವರು ಕತ್ತೆತ್ತಿ ಬಾಯಿ ತೆರೆದು ನಿಂತಿರುತ್ತಾರೆ, ಫೋನು ಕೊಟ್ಟು “ಅಂಕಲ್, ಒಂದು ಫೋಟೋ” ಅನ್ನುತ್ತಾರೆ. ಬೆರಗಾದವರ ಫೋಟೋ ತೆಗೆದುಕೊಟ್ಟ ಅನುಭವ ನನಗೆ ಬೇಕಾದಷ್ಟಿದೆ.

ಅವತ್ತು ಒಳಗೆ ಹೋಗಿ ಕ್ರಿಸ್ತಜನನದ ಬಣ್ಣದ ಗಾಜಿನ ಕೆಳಗೆ ಕೂತೆ. ಎಡಗಣ್ಣು ಮುಚ್ಚಿದೆ. ಬಿಸಿಲು ಗಾಜಿಗೆ ತಾಗಿದ್ದ ಹೊತ್ತು. ಆ ನೀಲಿಯ ಬಗ್ಗೆ ಬರೆಯಲು ಹೋದರೆ ವಾಚನ ಓದುವ ದನಿ ಬಂದುಬಿಡುತ್ತದೆ, ಬೇಡ. ಕಣ್ಣಲ್ಲಿ ನೀರು ಬಂತು ಅಂತಷ್ಟೇ ಹೇಳುತ್ತೇನೆ. ಮನೆಗೆ ಬಂದು ನನ್ನಾಕೆಗೆ ಹೇಳಿದೆ. ಅವಳು ಕೈ ಒರೆಸಿಕೊಂಡು, “ಮಧ್ಯಾಹ್ನದ ಡ್ರಾಪ್ಸ್ ಹಾಕ್ಕೊಂಡ್ರಾ?” ಅಂದಳು. ಹಾಕಿಕೊಂಡಿರಲಿಲ್ಲ. ಹಾಗಾಗಿ ಆ ಕಣ್ಣೀರು ಭಕ್ತಿಯದೋ ಔಷಧಿ ತಪ್ಪಿಸಿದ್ದರದೋ ಇಂದಿಗೂ ಇತ್ಯರ್ಥವಾಗಿಲ್ಲ.

ಮಾರ್ಕನ ಶುಭಸಂದೇಶದಲ್ಲಿ ಬೆತ್ಸಾಯಿದದ ಕುರುಡನಿದ್ದಾನೆ. ಯೇಸು ಅವನ ಕಣ್ಣಿಗೆ ಉಗುಳು ಹಚ್ಚಿ, ಏನಾದರೂ ಕಾಣುತ್ತಿದೆಯೇ ಎಂದು ಕೇಳಿದರೆ, ಜನ ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗಿದ್ದಾರೆ ಅನ್ನುತ್ತಾನೆ. ಇನ್ನೊಮ್ಮೆ ಕೈ ಇಟ್ಟ ಮೇಲೆಯೇ ಸರಿಯಾದದ್ದು. ಯೇಸುವಿನ ಗುಣಪಡಿಸುವಿಕೆಗಳಲ್ಲಿ ಹೀಗೆ ಎರಡು ಕಂತಿನಲ್ಲಿ ಆದದ್ದು ಇದೊಂದೇ. ಮಕ್ಕಳಿಗೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಆ ಮನುಷ್ಯ ಸುಳ್ಳು ಹೇಳಲಿಲ್ಲ ಎಂಬುದು ಮಾತ್ರ ಈ ಡಿಸೆಂಬರಿನಲ್ಲಿ ಹೊಳೆಯಿತು. ನಾನಾಗಿದ್ದರೆ ಮೊದಲ ಕಂತಿಗೇ “ಚೆನ್ನಾಗಿ ಕಾಣ್ತಿದೆ ಸ್ವಾಮಿ” ಅಂದು, ಜೀವಮಾನವಿಡೀ ಮರಗಳಿಗೆ ನಮಸ್ಕಾರ ಹೇಳಿಕೊಂಡು ಓಡಾಡುತ್ತಿದ್ದೆ.

ಅವ್ವನ ವಿಷಯ ಬೇರೆ. ಅವಳಿಗೆ 84. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಅಂದರೆ, “ನೋಡ್ಬೇಕಾದ್ದೆಲ್ಲ ನೋಡಾಯ್ತು ಕಣ್ಲಾ, ನಿಂಗೆ ಬಾಕಿ ಐತೆ, ನೀನು ಮಾಡಿಸ್ಕೊ” ಅನ್ನುತ್ತಾಳೆ. ಮಳೆಗಾಲದಲ್ಲಿ ಮೂಲೆಗಿಟ್ಟ ಕಪ್ಪು ಕೊಡೆಯನ್ನು ಬೆಕ್ಕೆಂದು ತಿಳಿದು ಹಾಲು ಇಟ್ಟವಳು. ಸಂಜೆ ಜಪಸರ ಮಾಡುವಾಗ ನಾನು ಮಣಿ ಎಣಿಸುತ್ತೇನೆ, ಐದನೇ ಹತ್ತಿನ ಹೊತ್ತಿಗೆ ಸೀರಿಯಲ್ ಶುರುವಾಗುತ್ತದಲ್ಲ ಅಂತ. ಅವ್ವ ನಡುವೆ ನಿಲ್ಲಿಸಿ ಮರಿಯಮ್ಮನಿಗೆ ಮನೆಯ ಸುದ್ದಿ ಹೇಳುತ್ತಾಳೆ. ಅವಳಿಂದಾಗಿ ಎಷ್ಟೋ ಸಲ ಸೀರಿಯಲ್ಲಿನ ಮೊದಲ ಭಾಗ ತಪ್ಪಿದೆ.

ಈಗ ಗೋದಲಿಗೆ ಬರೋಣ. ಗೋದಲಿ ಕಟ್ಟುವುದರಲ್ಲಿ ನನ್ನದು ಹಳೆಯ ಪ್ರತಿಷ್ಠೆ. ಗೋಣಿತಾಟಿಗೆ ಕೆಮ್ಮಣ್ಣು ಬಳಿದ ಬೆಟ್ಟ, ಹತ್ತು ದಿನ ಮೊದಲೇ ತೆಂಗಿನ ಚಿಪ್ಪಿನಲ್ಲಿ ಬಿತ್ತಿದ ರಾಗಿ ಪೈರು, ಕನ್ನಡಿಯ ಕೊಳ, ಅದರಲ್ಲಿ ಬೆತ್ಲೆಹೇಮಿಗೆ ಹೇಗೆ ಬಂತೋ ಗೊತ್ತಿಲ್ಲದ ಒಂದು ಪ್ಲಾಸ್ಟಿಕ್ ಬಾತುಕೋಳಿ. ಈ ವರ್ಷ ಡಾಕ್ಟರು ಬಗ್ಗಬಾರದು ಅಂದಿದ್ದರು. ನಾನು ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ ಕೂತು ಸಿನಿಮಾ ನಿರ್ದೇಶಕನ ಹಾಗೆ ಆಜ್ಞೆ ಕೊಟ್ಟೆ. ಭಾರ ಎತ್ತಬಾರದು, ಹೊಗೆ ತಾಗಬಾರದು, ತಲೆಗೆ ನೀರು ಹಾಕಬಾರದು ಎಂಬ ಪಥ್ಯಗಳನ್ನು ನಾನು ಹತ್ತು ಕಟ್ಟಳೆಗಳಿಗಿಂತ ಚಾಚೂತಪ್ಪದೆ ಪಾಲಿಸಿದ್ದೇನೆ.

ನಮ್ಮ ಗೋದಲಿಯ ಕತ್ತೆಗೆ ಎಡಗಿವಿ ಮುರಿದಿದೆ. ಅಂಟಿಸಿ ಅಂಟಿಸಿ ಈಗ ಅದು ಕಿವಿಗಿಂತ ಅಂಟೇ ಹೆಚ್ಚು. ಈ ಕತ್ತೆಯಿಂದ ನನಗೊಮ್ಮೆ ದೊಡ್ಡ ಅವಮಾನವಾಗಿತ್ತು. ‘ಲೂಕ ಬರೆದಂತೆ ಎತ್ತು, ಕತ್ತೆಗಳ ನಡುವೆ ಬಾಲಯೇಸು’ ಅಂತ ವರ್ಷಗಟ್ಟಲೆ ಪಾಠ ಮಾಡಿದ ಮೇಲೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು, “ಯಾವ ವಚನ ಸಾರ್?” ಅಂದಳು. ಮನೆಗೆ ಬಂದು ಲೂಕನನ್ನು ತಿರುವಿ ಹಾಕಿದೆ. ಗೋದಲಿ ಇದೆ, ಕುರುಬರು ಇದ್ದಾರೆ, ಕತ್ತೆ ಇಲ್ಲ, ಎತ್ತೂ ಇಲ್ಲ. ಕೊನೆಗೆ ಅವೆರಡೂ ಸಿಕ್ಕಿದ್ದು ಯೆಶಾಯನ ಮೊದಲ ಅಧ್ಯಾಯದಲ್ಲಿ. ಎತ್ತಿಗೆ ಯಜಮಾನ ಗೊತ್ತು, ಕತ್ತೆಗೆ ಒಡೆಯನ ಗೋದಲಿ ಗೊತ್ತು, ನನ್ನ ಜನಕ್ಕೇ ಗೊತ್ತಿಲ್ಲ ಅಂತ ದೇವರು ಗೋಳಾಡುತ್ತಾನೆ. ಅಂದರೆ ಕ್ರಿಸ್ಮಸ್ಸಿನಲ್ಲಿ ನಾವು ಭಕ್ತಿಯಿಂದ ತಂದು ನಿಲ್ಲಿಸುವ ಆ ಎರಡು ಪ್ರಾಣಿಗಳು ನಮ್ಮ ಮೇಲಿನ ದೂರು.

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತ ನಮ್ಮಲ್ಲಿ ಗಾದೆ. ಬೈಬಲಿನಲ್ಲಿ ಕಸ್ತೂರಿ ಮೊದಲು ತಾಗುವುದೇ ಕತ್ತೆಯ ಮೂಗಿಗೆ. ಸಂಖ್ಯಾಕಾಂಡದಲ್ಲಿ (ಹಳೆಯ ಕನ್ನಡ ಬೈಬಲಿನಲ್ಲಿ ಇದರ ಹೆಸರು ಅರಣ್ಯಕಾಂಡ, ನನಗೆ ಅದೇ ಇಷ್ಟ) ಬಿಳಾಮನೆಂಬ ದೊಡ್ಡ ದರ್ಶನಕಾರ ಕತ್ತೆಯೇರಿ ಹೊರಟಿದ್ದಾನೆ. ದಾರಿಯಲ್ಲಿ ಕತ್ತಿ ಹಿರಿದ ದೇವದೂತ. ಕತ್ತೆಗೆ ಕಾಣುತ್ತದೆ, ದರ್ಶನಕಾರನಿಗೆ ಕಾಣುವುದಿಲ್ಲ. ಮೂರು ಸಲ ಕತ್ತೆ ಹಿಂಜರಿಯುತ್ತದೆ, ಮೂರು ಸಲ ಇವನು ಬಾರಿಸುತ್ತಾನೆ. ಕೊನೆಗೆ ದೇವರು ಕತ್ತೆಯ ಬಾಯಿ ತೆರೆಸುತ್ತಾನೆ, ಯಾಕೆ ಹೊಡೆಯುತ್ತೀಯ ಎಂದು ಅದು ಕೇಳುತ್ತದೆ. ಬಿಳಾಮ ಏನು ಮಾಡಬೇಕಿತ್ತು? ಬವಳಿ ಬಂದು ಬೀಳಬೇಕಿತ್ತು. ಬದಲಿಗೆ ಅವನು ಕತ್ತೆಯ ಜೊತೆ ವಾದಕ್ಕೆ ನಿಲ್ಲುತ್ತಾನೆ! ನನ್ನ ಕೈಯಲ್ಲಿ ಕತ್ತಿಯಿದ್ದಿದ್ದರೆ ನಿನ್ನನ್ನು ಕೊಂದೇಬಿಡುತ್ತಿದ್ದೆ ಅನ್ನುತ್ತಾನೆ. ಕತ್ತೆ ಮಾತಾಡುತ್ತಿದೆಯಲ್ಲ ಎಂಬ ಸಣ್ಣ ಆಶ್ಚರ್ಯವೂ ಇಲ್ಲ. ಓದುವಾಗೆಲ್ಲ ನನಗೆ ಪೇಂಟರನ ಮುಚ್ಚಳ ನೆನಪಾಗುತ್ತದೆ.

ಗೋದಲಿಯ ಮೂಲದ ಕಥೆಯನ್ನೂ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. 1223ರ ಕ್ರಿಸ್ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ಹಾಸಿದ ಗೋದಲಿ ಮಾಡಿಸಿ, ನಿಜವಾದ ಎತ್ತು ಕತ್ತೆ ತರಿಸಿ ಪೂಜೆ ಮಾಡಿಸಿದರು. ಅವರ ಕಥೆ ಬರೆದ ಚೆಲಾನೊದ ಥಾಮಸ್ ಹೇಳುವಂತೆ, ಬೆತ್ಲೆಹೇಮ್ ಎಂಬ ಹೆಸರು ಅವರ ಬಾಯಲ್ಲಿ ಕುರಿಮರಿಯ ಕೂಗಿನ ಹಾಗೆ ಬರುತ್ತಿತ್ತು. ಮಗುವಿನ ಹೆಸರು ಹೇಳಿದ ಮೇಲೆ ಸಿಹಿ ತಿಂದವರಂತೆ ತುಟಿ ಸವರಿಕೊಳ್ಳುತ್ತಿದ್ದರು. ಅಲ್ಲಿದ್ದ ಒಬ್ಬನಿಗೆ ಗೋದಲಿಯಲ್ಲಿ ಜೀವವಿಲ್ಲದಂತೆ ಮಲಗಿದ್ದ ಕೂಸು, ಫ್ರಾನ್ಸಿಸರು ಹತ್ತಿರ ಹೋದಾಗ ನಿದ್ದೆಯಿಂದ ಎದ್ದಂತೆ ಕಂಡಿತಂತೆ. ಈ ಕೊನೆಯ ಭಾಗವನ್ನು ಪಾಠದಲ್ಲಿ ಬಿಟ್ಟುಬಿಡುತ್ತೇನೆ. ಮಕ್ಕಳು ಪ್ರಶ್ನೆ ಕೇಳುತ್ತವೆ, ಪರೀಕ್ಷೆಗೂ ಬರುವುದಿಲ್ಲ.

ಡಿಸೆಂಬರ್ 24ರ ಸಂಜೆ. ಗೋದಲಿ ಸಿದ್ಧ. ಬಾಲಯೇಸುವನ್ನು ಮಾತ್ರ ನಡುರಾತ್ರಿಯ ಪೂಜೆ ಮುಗಿಸಿ ಬಂದ ಮೇಲೆ ಮಲಗಿಸುವುದು ನಮ್ಮ ಪದ್ಧತಿ. ಪೆಟ್ಟಿಗೆಯಲ್ಲಿ ಬಾಲಯೇಸು ಇರಲಿಲ್ಲ. ಗಾಬರಿಯಿಲ್ಲ, ಇಂಥದಕ್ಕೆಂದೇ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ತೆಗೆದು ನೋಡಿದರೆ ಹೋದ ಜನವರಿಯ ಪುಟದಲ್ಲಿ ನನ್ನದೇ ದುಂಡಕ್ಷರ: ‘ಬಾಲಯೇಸು, ಭದ್ರವಾದ ಜಾಗದಲ್ಲಿ ಇಟ್ಟಿದೆ.’

ಮಗಳು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಬೀರು, ಅಟ್ಟ, ಅಕ್ಕಿ ಡ್ರಮ್ಮು, ಹೊಲಿಗೆ ಮಿಷನ್ನಿನ ಡ್ರಾಯರು, ಎಲ್ಲ ಜಾಲಾಡಿದೆವು. ಎರಡು ವರ್ಷದ ಹಿಂದೆ ಕಳೆದ ಗ್ಯಾಸ್ ಪುಸ್ತಕ ಸಿಕ್ಕಿತು. ನನ್ನ ಹಳೆಯ ಹಲ್ಲು ಸೆಟ್ಟು ಸಿಕ್ಕಿತು. ನನ್ನಾಕೆ ಮಾತ್ರ ಹುಡುಕಲು ಬರಲಿಲ್ಲ. ಅವಳು ಬೆಲ್ಲದ ಪಾಕದ ಮುಂದೆ ನಿಂತಿದ್ದಳು. ನೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಕೂಡಿಸಿ, ಉಂಡೆಯಾಗುತ್ತದೋ ಎಂದು ನೋಡುತ್ತ, ಇನ್ನೊಂದು ತೊಟ್ಟು ಬಿಡುತ್ತ. ಕರೆದರೆ, “ಈಗ ಕಣ್ಣು ತೆಗೆದ್ರೆ ಪಾಕ ಕೆಡುತ್ತೆ” ಅಂದಳು, ತಿರುಗಿ ಕೂಡ ನೋಡದೆ. ಅಷ್ಟು ಏಕಾಗ್ರತೆಯಲ್ಲಿ ನಾನು ಏನನ್ನೂ ನೋಡಿದ್ದು ನೆನಪಿಲ್ಲ.

ನಡುರಾತ್ರಿ ಗೋದಲಿ ಖಾಲಿಯೇ ಉಳಿಯಿತು. ಅಂಗಡಿಗಳು ಮುಚ್ಚಿದ್ದವು. ಅವ್ವ ಆಗಲೇ ಮಲಗಿದ್ದಳು, ಹೇಳಲಿಲ್ಲ.

ಮರುದಿನ ಸಂಜೆ ಗೋದಲಿ ಸ್ಪರ್ಧೆಯ ತೀರ್ಪುಗಾರರು ಬಂದರು, ಚರ್ಚಿನ ಮೂವರು ಹುಡುಗರು. ಅದರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಖಾಲಿ ಹುಲ್ಲು ನೋಡಿ ಒಬ್ಬ, “ಸಾರ್, ಮಗು...?” ಅಂದ. ಮರೆವಿಗೆ ತತ್ತ್ವದ ಅಂಗಿ ತೊಡಿಸಲು ನನಗೆ ಒಂದು ಕ್ಷಣ ಸಾಕಾಯಿತು. “ಗ್ರೆಚ್ಚೊದಲ್ಲಿ, 1223ರಲ್ಲಿ...” ಎಂದು ಶುರುಮಾಡಿದೆ. ಮೂಲ ಗೋದಲಿಯಲ್ಲಿ ಹುಲ್ಲು ಹಾಸಿದ್ದರೇ ಹೊರತು ಗೊಂಬೆ ಇರಲಿಲ್ಲ, ಈ ಖಾಲಿತನ ಒಂದು ಆಹ್ವಾನ, ನಮ್ಮ ಹೃದಯವೇ... ಅಂತ ಮಾತು ಹೋಗುತ್ತಿತ್ತು. ಹುಡುಗರು ಬರೆದುಕೊಳ್ಳುತ್ತಿದ್ದರು. ಬಾಗಿಲ ಸಂದಿನಲ್ಲಿ ನಿಂತ ಮಗಳ ಮುಖವನ್ನು ನಾನು ಬೇಕೆಂದೇ ಪೊರೆಯಿರುವ ಎಡಗಣ್ಣಿನಿಂದ ನೋಡಿದೆ.

ಅಷ್ಟರಲ್ಲಿ ಅವ್ವ ಗೋಡೆ ಹಿಡಿದುಕೊಂಡು ಬಂದಳು. ಗೋದಲಿಯ ಮುಂದೆ ನಿಂತು, ಸೊಂಟ ಹಿಡಿದು ಬಗ್ಗಿ, ನನಗೆ ನಿಷಿದ್ಧವಾದಷ್ಟು ಬಗ್ಗಿ, ಹುಲ್ಲಿನೊಳಗೆ ನೋಡಿದಳು. ತುಂಬ ಹೊತ್ತು ನೋಡಿದಳು. ಶಿಲುಬೆ ಗುರುತು ಹಾಕಿಕೊಂಡಳು. ಆಮೇಲೆ ನಮ್ಮ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟು, “ಅದ್ಯಾಕ್ಲಾ ಹಂಗೆ ಕಿರುಚ್ತಿದ್ದೀಯ? ಮಗ ಈಗ ಕಣ್ಣು ಮುಚ್ತಾ ಐತೆ” ಅಂದಳು.

ಕೊಡೆಗೆ ಹಾಲಿಟ್ಟ ಕಣ್ಣು ಅಂತ ನಾನು ಹುಡುಗರಿಗೆ ಸನ್ನೆ ಮಾಡಲು ಹೋದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಒಬ್ಬ ಪೆನ್ನು ಜೇಬಿಗಿಟ್ಟ. ಇನ್ನೊಬ್ಬ ಪಿಸುದನಿಯಲ್ಲಿ, “ಬರ್ತೀವಿ ಅಜ್ಜಿ” ಅಂದ. ಮೂವರೂ ತುದಿಗಾಲಲ್ಲಿ ಹೊರಗೆ ಹೋಗಿ, ಗೇಟಿನ ಚಿಲಕವನ್ನು ಸದ್ದಾಗದಂತೆ ಹಾಕಿದರು. ಅಂಕ ಎಷ್ಟು ಕೊಟ್ಟರೋ ಕೇಳುವ ಧೈರ್ಯ ನನಗಾಗಲಿಲ್ಲ.

ನಾನು ಎಡಗಣ್ಣು ಮುಚ್ಚಿ ನೋಡಿದೆ. ಒಂದೊಂದು ಹುಲ್ಲುಕಡ್ಡಿಯೂ ಎಣಿಸುವಷ್ಟು ಸ್ಪಷ್ಟ. ಕತ್ತೆಯ ಕಿವಿಯ ಅಂಟು, ಬಾತುಕೋಳಿಯ ಹೊಟ್ಟೆಗೆ ಅಂಟಿಸಿದ ಬೆಲೆಚೀಟಿ, ಎಲ್ಲ ಕಂಡವು. ಬಲಗಣ್ಣು ಮುಚ್ಚಿ ನೋಡಿದೆ. ಮಂಜು ಮಂಜು ಹಳದಿ, ನಡುವೆ ಏನೋ ಒಂದು ಮುದ್ದೆ, ನೆರಳೂ ಇರಬಹುದು.

“ಏನ್ರೀ ಅದು ಒಂಟಿಗಣ್ಣಲ್ಲಿ?” ಅಂದಳು ನನ್ನಾಕೆ. ಅವಳೂ ಪಿಸುಗುಟ್ಟುತ್ತಿದ್ದಳು. ಕೈಯಲ್ಲಿ ಮಿಕ್ಸಿ ಜಾರು, ಅದರೊಳಗೆ ರಾತ್ರಿಯ ಕುರ್ಮಾಕ್ಕೆ ತೆಂಗಿನಕಾಯಿ. ಸ್ವಿಚ್ಚಿನ ಕಡೆ ಕೈ ಹೋಗಿತ್ತು, ನಿಂತಿತು. ಅವ್ವನನ್ನು ಒಮ್ಮೆ, ಗೋದಲಿಯನ್ನು ಒಮ್ಮೆ ನೋಡಿದಳು. ಆಮೇಲೆ ಮಿಕ್ಸಿಯ ವೈರು ಸುತ್ತಿ, ಅದನ್ನು ಕಂಕುಳಲ್ಲಿ ಎತ್ತಿಕೊಂಡು, ರುಬ್ಬಿಕೊಂಡು ಬರಲು ಪಕ್ಕದ ಮನೆಗೆ ಹೊರಟಳು.